ಹಡಗಿನಲ್ಲೇ ಹೋದ ಎದುರುಮನೆ ಅಕ್ಕ

ಹೋದ ತಿಂಗಳು ಆದೋನಿಯ ಹಳೆ ಬಜಾರದಲ್ಲಿ ಬರುತ್ತಿದ್ದಾಗ ತಗಡಿನ ಟ್ರಂಕುಗಳ ಅಂಗಡಿ ಮುಂದೆ ಕಾಲು ತಾನಾಗಿ ನಿಂತಿತು. ಈಗ ಟ್ರಂಕು ಯಾರು ಕೊಳ್ಳುತ್ತಾರೋ ಗೊತ್ತಿಲ್ಲ. ಆದರೂ ಒಬ್ಬಾತ ಕುಂತು ಹಸಿರು ಬಣ್ಣ ಬಳಿಯುತ್ತಿದ್ದ. ಆ ಹಸಿ ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ಅಕ್ಕ ಕಣ್ಣಮುಂದೆ ಬಂದಳು... ಹಡಗಿಗೆಂದು ಕೊಂಡ ಟ್ರಂಕು ಒಣಗಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡಿ, ಬೆರಳಿಗೆಲ್ಲ ಬಣ್ಣ ಮೆತ್ತಿಕೊಂಡಿದ್ದವಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಕಾಲೇಜು ಸೇರಿದ್ದೆ. ಅಕ್ಕ ನಮ್ಮ ಓಣಿಗೆ ಸೊಸೆಯಾಗಿ ಬಂದವಳು, ತವರು ಗೋನೆಗಂಡ್ಲ. ಮದುವೆಯಾದ ಸ್ವಲ್ಪ ದಿನಕ್ಕೇ ಆಕೆಯ ಗಂಡ ಮಲೇಷ್ಯಾದ ಪೆನಾಂಗಿಗೆ, ಯಾವುದೋ ರಬ್ಬರ್ ಕಂಪನಿಯ ಕೆಲಸಕ್ಕೆ ಹೋದ. ವರ್ಷಗಳೇ ಕಳೆದರೂ ಒಮ್ಮೆಯೂ ತಿರುಗಿ ಬರಲಿಲ್ಲ. ಕಾಗದ ಬರುತ್ತಿತ್ತು, ಮನಿಯಾರ್ಡರು ಬರುತ್ತಿತ್ತು, ಆತ ಮಾತ್ರ ಬರುತ್ತಿರಲಿಲ್ಲ. "ಅಲ್ಲಿ ಇನ್ನೊಂದು ಮನಿ ಮಾಡ್ಯಾನ" ಎಂದು ಓಣಿಯವರು ಬಾಯಿಬಿಟ್ಟೇ ಅನ್ನುತ್ತಿದ್ದರು. ಅಕ್ಕನ ಕಿವಿಗೂ ಬೀಳುತ್ತಿತ್ತು.

ಆಕೆ ಒಂದು ಕಡೆ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ನಮಗೆಲ್ಲ ಹಿಂದಿ ಪಾಠ ಹೇಳುತ್ತಿದ್ದಳು, ಅದೂ ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ನಡೆಯುತ್ತಲೇ. ಆಕೆಯ ಜೊತೆ ನಮ್ಮ ತಲೆಗಳೂ ಅತ್ತಿತ್ತ ತಿರುಗುತ್ತಿದ್ದವು.

ಕೊನೆಗೊಂದು ದಿನ ಗಂಡ ಕರೆಸಿಕೊಂಡ. ವಿಮಾನದಲ್ಲೇ ಬರಬೇಕೆಂದು ಬರೆದಿದ್ದ. ಅಕ್ಕ ಒಪ್ಪಲಿಲ್ಲ. ಮದ್ರಾಸಿನಿಂದ ಹಡಗು ಹೋಗುತ್ತದೆ, ಅದರಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದಳು. ಅತ್ತೆ ಮಡಿ ಹೆಂಗಸು. ಅವರಿಗೆ ಎದೆ ಒಡೆದಂತಾಯಿತು.

"ವಿಮಾನ ಆದ್ರ ಮ್ಯಾಲಿಂದ ಮ್ಯಾಲೆ ಹೋಗ್ತೈತಿ, ಸಮುದ್ರ ಮುಟ್ಟಂಗಿಲ್ಲ. ಹಡಗಂದ್ರ ನೀರಿನ ಮ್ಯಾಲೇ ಕುಂತಂಗ ಅಲ್ಲೇನ? ನಮ್ಮ ಮನ್ಯಾಗ ಯಾರು ಹಂಗ ದಾಟ್ಯಾರ?"

"ನಿಮ್ಮ ಮಗ ದಾಟ್ಯಾರಲ್ರಿ, ಅತ್ತೆವ್ರ."

ನನ್ನ ಹತ್ತಿರ ಮಾತ್ರ ಅಕ್ಕ ನಿಜ ಹೇಳಿದಳು. "ವಿಮಾನದಾಗ ಹೋದ್ರ ಮರುದಿನಾನ ಅವರ ಮುಂದ ನಿಂತಿರ್ತೀನಿ. ಏನ್ ಕೇಳ್ಬೇಕು, ಹೆಂಗ ಕೇಳ್ಬೇಕು... ಯೋಚನಿ ಮಾಡಾಕ ನನಗ ನಾಕಾರು ದಿನ ಬೇಕವ್ವ."

ಮದ್ರಾಸಿನತನಕ ನಮ್ಮಪ್ಪ ಕರೆದುಕೊಂಡು ಹೋದರು, ಜೊತೆಗೆ ನಾನು. ಬಂದರದಲ್ಲಿ ಕೂಲಿಗಳ ಕೂಗು, ಎಣ್ಣೆಯ ನಾತ, ಮೂಟೆ ಹೊತ್ತ ತಮಿಳು ಸಂಸಾರಗಳು. ಅಕ್ಕ ಏಣಿ ಹತ್ತಿ ಒಮ್ಮೆ ಕೈ ಎತ್ತಿದಳು. ಆಮೇಲೆ ಹಡಗಿನ ಕಟಕಟೆಯ ಉದ್ದಕ್ಕೂ ನಡೆಯತೊಡಗಿದಳು. ಹಡಗು ಬಿಡುವತನಕ ಆಕೆಯ ನೀಲಿ ಸೀರೆ ಅತ್ತಿಂದಿತ್ತ, ಇತ್ತಿಂದತ್ತ ಹೋಗಿ ಬರುತ್ತಲೇ ಇತ್ತು.

ಮರುವರ್ಷ ಅತ್ತೆಗೆ ಲಕ್ವ ಹೊಡೆಯಿತು. ನಮ್ಮಪ್ಪನೇ ತಂತಿ ಕೊಟ್ಟರು. ಅಕ್ಕ ಬಂದಳು, ಒಬ್ಬಳೇ. ಗಂಡನಿಗೆ ರಜೆ ಸಿಗಲಿಲ್ಲ ಎಂದಳು. ಯಾರೂ ನಂಬಲಿಲ್ಲ. "ತಾಯಿ ಹಾಸಿಗಿ ಹಿಡಿದ್ರೂ ಬರ್ಲಿಲ್ಲ ನೋಡ್ರಿ, ಆಕಿ ಬಿಟ್ಟಿರಂಗಿಲ್ಲ" ಎಂದರು, ಕಾಣದ ಆ ಹೆಂಗಸನ್ನು ನೆನೆದು.

ಒಂದು ಮಧ್ಯಾಹ್ನ ಮಾಳಿಗೆ ಮೇಲೆ ಒಣಗಿದ ಬಟ್ಟೆ ತೆಗೆಯುತ್ತ ಅಕ್ಕ ತಾನಾಗಿಯೇ ಬಾಯಿಬಿಟ್ಟಳು.

"ಅಲ್ಲಿ ಯಾವ ಹೆಂಗಸೂ ಇಲ್ಲವ್ವ. ಇದ್ದಿದ್ರ ಜಗಳಾನರ ಮಾಡ್ತಿದ್ನಿ."

ಆತ ಹಡಗಿನಲ್ಲಿ ಪೆನಾಂಗಿಗೆ ಹೋಗುವಾಗ ನಡುಸಮುದ್ರದಲ್ಲಿ ಬಿರುಗಾಳಿ ಎದ್ದಿತಂತೆ. ಕೆಳಗಿನ ಅಂತಸ್ತಿನಲ್ಲಿ ದೀಪ ಆರಿ, ನೀರು ನುಗ್ಗಿ, ಜನ ಒಬ್ಬರ ಮೇಲೊಬ್ಬರು ಬಿದ್ದು ಅರಚಿದರಂತೆ. ಹೇಗೋ ದಡ ಮುಟ್ಟಿದ. ಅವತ್ತಿನಿಂದ ಸಮುದ್ರ ಕಂಡರೆ ಸಾಕು, ಕೈಕಾಲು ನಡುಕ. ವಿಮಾನವೂ ಆಗಲಿಲ್ಲ, ಅದರ ಕೆಳಗೂ ಇರುವುದು ಅದೇ ನೀರಲ್ಲವೇ... ಬರಬೇಕೆಂದು ಹೊರಟು ಹೊರಟು ತಿರುಗಿ ಹೋಗಿದ್ದನಂತೆ. ನಾಚಿಕೆಯಿಂದ ಯಾರಿಗೂ ಬರೆಯಲಿಲ್ಲ. ತಾನು ಪಟ್ಟ ಪಾಡು ಹೆಂಡತಿ ಪಡಬಾರದೆಂದೇ ಆಕೆಗೆ ಹಡಗು ಬೇಡವೆಂದಿದ್ದ.

"ತಂತಿ ಬಂದ ದಿನ ಅಳ್ಕೋತ ಬಟ್ಟಿ ಕಟ್ಟಿದ್ರು. ಬಂದರಕ್ಕೂ ಬಂದ್ರು. ಏಣಿ ಹತ್ತೂವಾಗ ನನ್ನ ಕೈ ಹಿಡ್ಕೊಂಡಿದ್ರು, ಮಂಜಿನಂಗ ತಣ್ಣಗ. ನಡುವ ಬಿಟ್ಟುಬಿಟ್ರು. 'ಅವ್ವಗ ಹೇಳಬ್ಯಾಡ' ಅಂದ್ರು, ಅಷ್ಟ."

"ಸಿಟ್ಟು ಬರ್ಲಿಲ್ಲೇನಕ್ಕ?"

"ಬಂದೈತಿ. ಇನ್ನಾ ಇಳಿದಿಲ್ಲ. ಆದ್ರ ದಂಡ್ಯಾಗ ಒಬ್ರ ನಿಂತಿದ್ರಲ್ಲ, ಅದೂ ಕಣ್ಣಾಗಿಂದ ಹೋಗವಲ್ದು."

ಓಣಿಯವರಿಗೆ ಇದನ್ನೇ ಹೇಳಿಬಿಡು ಎಂದೆ. ಅಕ್ಕ ಸೀರೆಯ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು ತಲೆಯಾಡಿಸಿದಳು.

"ಇನ್ನೊಬ್ಬಾಕಿ ಅದಾಳ ಅಂದ್ರ ಜನ ಬೈತಾರ. ಇವರು ಸಮುದ್ರಕ್ಕ ಅಂಜ್ತಾರ ಅಂದ್ರ ನಗ್ತಾರ. ಬೈಲಿ ಬಿಡು."

ಅತ್ತೆ ಹೆಚ್ಚು ದಿನ ಉಳಿಯಲಿಲ್ಲ. ಕೊನೆಕೊನೆಗೆ ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದರೆ ಸಾಕು, ಮಗನ ಹೆಸರು ತೊದಲುತ್ತಿದ್ದರು. ಅಕ್ಕ ಅವರ ಬಾಯಿಗೆ ನೀರು ಬಿಡುತ್ತ, "ಹೊಂಟಾರ್ರಿ ಅತ್ತೆವ್ರ, ಹಡಗಿನಾಗ ಅದಾರ, ದಾರ್ಯಾಗ" ಎಂದಳು. ಮುದುಕಿ "ಸಮುದ್ರ... ಸುಮ್ಮನೈತೇನ?" ಎಂದು ಕೇಳಿದರು. ನಾನು ಅಲ್ಲೇ ಇದ್ದೆ. ಅಕ್ಕ ಎದ್ದು ಪಡಸಾಲೆಗೆ ಹೋಗಿ ನಡೆಯತೊಡಗಿದಳು.

ಕರ್ಮಗಳನ್ನು ಮೈದುನನ ವರಸೆಯವರೊಬ್ಬರು ಮಾಡಿದರು. ಮುಗಿದ ಮೇಲೆ ಅಕ್ಕ ಹೊರಟಳು. ಈ ಸಲವೂ ಹಡಗೇ. ಆದೋನಿ ಸ್ಟೇಷನ್ನಿಗೆ ನಾನು ಹೋಗಿದ್ದೆ. ರೈಲು ತಡವಾಗಿತ್ತು. ಬೆಂಚು ಖಾಲಿ ಇದ್ದರೂ ಆಕೆ ಕೂಡಲಿಲ್ಲ. ಪಕ್ಕದಲ್ಲಿ ನಡೆಯುತ್ತ, "ಅಲ್ಲಿ ಇರ್ತೀಯೇನಕ್ಕ?" ಎಂದು ಕೇಳಿದೆ. "ಹಡಗ ಇಳಿಯೂದ್ರಾಗ ಗೊತ್ತಾದೀತು" ಎಂದಳು.

ಇದ್ದಳು. ಮತ್ತೆ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಹಡಗೂ ನಿಂತುಹೋಯಿತು. ನನ್ನ ಮದುವೆಯಾಗಿ ವಿಳಾಸ ಬದಲಾಯಿತು, ಕಾಗದಗಳು ತೆಳ್ಳಗಾಗಿ ಎಂದು ನಿಂತವೋ ನೆನಪಿಲ್ಲ... ಈಚೆಗೆ ಗೋನೆಗಂಡ್ಲದ ಆಕೆಯ ಬಳಗದವರು ಸಿಕ್ಕಾಗ ತಿಳಿಯಿತು. ಆತ ಮೊದಲು ತೀರಿಕೊಂಡನಂತೆ, ಎರಡು ಮಳೆಗಾಲ ಕಳೆದು ಅಕ್ಕ. ಅವರು ಹೇಳಿದ್ದು ಅಷ್ಟೇ.

ನಮ್ಮ ಓಣಿಯಲ್ಲಿ ಆ ಮನೆಯ ಮಾತು ಬಂದರೆ, ತಾಯಿಯ ಮುಖ ನೋಡಲೂ ಬರದವನೆಂದು ಆತನನ್ನು ಬೈಯುವವರು ಇನ್ನೂ ಒಬ್ಬಿಬ್ಬರು ಇದ್ದಾರೆ. ನಿಜ ಹೇಳಿಬಿಡಲೇ ಎಂದು ನಾಲಿಗೆ ತುದಿಗೆ ಬರುತ್ತದೆ. ಈಗಲಾದರೂ ಹೇಳಬಹುದೇ ಎಂದು ಒಂದು ಮಾತು ಕೇಳೋಣವೆಂದರೆ, ಕೇಳಬೇಕಾದವಳೇ ಇಲ್ಲ.