ಎಣ್ಣೆ ನೀರು ಕಂಡ ಮೊಲದ ಮರಿಗಳು

ನಮ್ಮತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೂ ಆ ಮೊಲದ ಮರಿಗಳು ನೆನಪಾದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಹಾಗೆನ್ನುವವರು ಮೊಲ ಸಾಕಿ ನೋಡಲಿ.

ಎಪ್ಪತ್ತರ ದಶಕದ ಕೊನೆ. ದಂಡಿನಶಿವರದ ಹತ್ತಿರದ ಹಳ್ಳಿಗೆ ನಾನು ಸೊಸೆಯಾಗಿ ಬಂದ ಹೊಸತು. ತೋಟ, ಹಸು, ಅಟ್ಟದ ಕೊಬ್ಬರಿ ಎಲ್ಲವೂ ಅತ್ತೆಯದು. ನನ್ನದು ಅಂತ ಇದ್ದದ್ದು ಅಣ್ಣ ತಂದುಕೊಟ್ಟ ಒಂದು ಜೋಡಿ ಬಿಳಿ ಮೊಲ ಮಾತ್ರ. ಹೆಣ್ಣು ಮೊಲ ತನ್ನ ಎದೆಯ ಕೂದಲನ್ನೇ ಕಿತ್ತು ಪೆಟ್ಟಿಗೆಯಲ್ಲಿ ಹಾಸಿ ಐದು ಮರಿ ಹಾಕಿತು.

ಕಣ್ಣು ಬಿಟ್ಟ ಮೇಲೆ ಮರಿಗಳು ಪೆಟ್ಟಿಗೆಯ ಅಂಚು ಹತ್ತಿ ಹೊರಗೆ ಉರುಳತೊಡಗಿದವು. ವಾಪಸ್ಸು ಹತ್ತಲು ಮಾತ್ರ ಬರುತ್ತಿರಲಿಲ್ಲ. ಮಾಗಿಯ ಚಳಿ ಬೇರೆ. ಮರಗಟ್ಟಿ ಕೂತದ್ದನ್ನು ಸೆರಗಿನಲ್ಲಿ ಬೆಚ್ಚಗೆ ಮಾಡಿ ಒಳಗೆ ಬಿಡುವುದು, ಒದ್ದೆ ಹುಲ್ಲು ಬದಲಿಸುವುದು ಇದೇ ನನ್ನ ಕೆಲಸವಾಯಿತು. "ಇವು ನೆನೀಬಾರ್ದು ಅತ್ತೆ, ಚಳಿ ತಡ್ಕೊಳಲ್ಲ" ಎಂದು ಹೇಳಿಯೂ ಇದ್ದೆ. ಹೂಂ ಅಂದಿದ್ದರು. ಆ ಹೂಂಗಿಷ್ಟು ಬೆಂಕಿ ಹಾಕ.

ಒಂದು ಬೆಳಿಗ್ಗೆ ಹುಲ್ಲು ಕೊಯ್ದುಕೊಂಡು ಬಂದರೆ ಐದೂ ಮರಿ ಜಗಲಿಯ ಮೇಲೆ ಮೊರದಲ್ಲಿದ್ದವು. ಮೈಯೆಲ್ಲ ಒದ್ದೆ, ಹಣೆಗೆ ಕಾಡಿಗೆ ಬೊಟ್ಟು. ಪಕ್ಕದಲ್ಲಿ ಕೊಬ್ಬರಿ ಎಣ್ಣೆ ಬಟ್ಟಲು, ಬಿಸಿನೀರಿನ ಚೊಂಬು. ಊರಿನ ಹಸುಗೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದವರು ಅತ್ತೆಯೇ.

"ಗೂಡು ಬುಟ್ಟು ಹೊರಕ್ಕೆ ಬಂದವೆ ಕಣೇ, ಹಂಗೇ ಬುಡಾಕಾಯ್ತದಾ?" ಅಂದರು.

"ನೆನೀಬಾರ್ದು ಅಂತ ಹೇಳಿರ್ಲಿಲ್ವಾ?"

"ಹೆತ್ತೋಳು ನೀನಾ ನಾನಾ? ಎಷ್ಟು ಮಕ್ಳಿಗೆ ನೀರು ಹಾಕಿದ ಕೈ ಕಣೇ ಇದು."

ಮರಿಗಳನ್ನು ಬಾಚಿಕೊಂಡು ಒಲೆಯ ಮುಂದೆ ಕೂತೆ. ನೀರು ಆರಿತು, ಎಣ್ಣೆ ಆರಲಿಲ್ಲ. ಮಾಗಿಯಲ್ಲಿ ಸೀಸೆಯೊಳಗೇ ಗಟ್ಟಿಯಾಗುವ ಎಣ್ಣೆ, ಮರಿಗಳನ್ನು ಒಲೆಯಿಂದ ಆಚೆ ತಂದೊಡನೆ ಕೂದಲಲ್ಲಿ ಹೆಪ್ಪುಗಟ್ಟಿತು. ಕೂದಲು ಗಂಟುಗಂಟಾಗಿ ಚರ್ಮ ಕಾಣುತ್ತಿತ್ತು. ತಾಯಿಮೊಲ ಮೂಸಿ ಮೂಸಿ ಮೂಲೆಗೆ ಸರಿಯಿತು. ಗಂಡ ತೋಟದಿಂದ ಬಂದವರು, "ಮೊಲ ತಾನೆ, ಬುಡತ್ಲಾಗೆ. ಅವ್ವಂಗ್ಯಾಕೆ ಎದುರು ಮಾತಾಡ್ತೀಯ?" ಎಂದು ತಟ್ಟೆ ಮುಂದೆ ಕೂತರು. ಅವತ್ತು ನಾನು ಬಡಿಸಲಿಲ್ಲ.

ಮಾರನೆಯ ಸಂಜೆಯೊಳಗೆ ನಾಲ್ಕು ಹೋದವು. ಹಿತ್ತಲ ತೆಂಗಿನ ಬುಡದಲ್ಲಿ ಒಬ್ಬಳೇ ಗುಂಡಿ ತೋಡಿ ಮುಚ್ಚಿದೆ. ಹೊಟ್ಟೆಗೆ ಅವಚಿ ಸೀರೆಯಲ್ಲಿ ಕಟ್ಟಿಕೊಂಡಿದ್ದ ಒಂದೇ ಒಂದು ಬದುಕಿತು. ಅದು ಅಂಗಳದಲ್ಲಿ ನೆಗೆದಾಡುವುದನ್ನು ನೋಡಿದವರಿಗೆಲ್ಲ ಅತ್ತೆ ಹೇಳುತ್ತಿದ್ದರು, "ನಾನು ಎಣ್ಣೆ ನೀರು ಹಾಕಿದ್ಕೆ ಉಳ್ಕಂತು ಕಣವ್ವ. ಇವಳ ಕೈಲಿ ಬುಟ್ಟಿದ್ರೆ ಅದೂ ಹೋಗಿರೋದು." ನಾನು ಅಲ್ಲೇ ಕಸ ಗುಡಿಸುತ್ತಿರುತ್ತಿದ್ದೆ.

ಮುಂದಿನ ಮಾಗಿಗೆ ತವರಿನಿಂದ ನನ್ನ ಕೂಸನ್ನು ಎತ್ತಿಕೊಂಡು ಬಂದೆ. ಅತ್ತೆ ಎಣ್ಣೆ ಬಿಸಿಮಾಡಿ ತಂದು ಮಗುವಿಗಾಗಿ ಕೈ ಚಾಚಿದರು.

"ಮೊದ್ಲು ಆ ತೆಂಗಿನ ಬುಡ ನೋಡ್ಕೊಂಡು ಬನ್ನಿ" ಅಂದೆ.

ಬಟ್ಟಲು ಹಿಡಿದು ಅವರು ಬಾಗಿಲಲ್ಲೇ ನಿಂತರು. ನಾನು ಮಗಳನ್ನು ಎತ್ತಿಕೊಂಡು ಒಳಗೆ ಹೋದೆ.