ಗಾಡಿ ಓಡದ ರಸ್ತೆಯಲ್ಲಿ ಭಾವ

ಮೊನ್ನೆ ಸಂಜೆ ಕಾಮಾಕ್ಷಿಪಾಳ್ಯದ ಹತ್ತಿರ ನನ್ನ ಸ್ಕೂಟರ್ ಪಂಕ್ಚರ್ ಆಯಿತು. ತಳ್ಳಿಕೊಂಡು ಹೋಗಿ ಒಂದು ಅಂಗಡಿ ಹಿಡಿದೆ. ಈಗಿನ ಗಾಡಿಗಳಿಗೆ ಟೈರಿನೊಳಗೆ ಟ್ಯೂಬೇ ಇರುವುದಿಲ್ಲ. ನನ್ನದು ಹೆಚ್ಚುಕಡಿಮೆ ನನ್ನಷ್ಟೇ ಸವೆದ ಗಾಡಿಯಾದ್ದರಿಂದ ಇನ್ನೂ ಟ್ಯೂಬಿದೆ. ಅಂಗಡಿಯವನು ಅದನ್ನು ಉಜ್ಜಿ, ಸಲ್ಯೂಷನ್ ಹಚ್ಚಿ, ಒಣಗಲೆಂದು ಉಫ್ ಎಂದು ಊದಿದ. ಆ ವಾಸನೆ ನಿಮಗೂ ಗೊತ್ತಿರಬೇಕು, ಸ್ವಲ್ಪ ಸಿಹಿ, ಸ್ವಲ್ಪ ತಲೆ ತಿರುಗಿಸುವಂಥದ್ದು. ಗಾರ್ಮೆಂಟ್ಸ್ ಬಿಟ್ಟು ಬರುತ್ತಿದ್ದ ಹೆಂಗಸರ ಮಾತು, ಬಸ್ಸುಗಳ ಹಾರ್ನು ಎಲ್ಲ ಒಂದು ಗಳಿಗೆ ಹಿಂದೆ ಸರಿದು ಭಾವ ನೆನಪಾದರು. ಭಾವ ಎಂದರೆ ನನ್ನ ಅಕ್ಕನ ಗಂಡ. ತೀರಿಕೊಂಡು ಕೆಲವು ವರ್ಷಗಳಾದವು.

ಅವರು ಕುರುಬರಹಳ್ಳಿಯ ಹಳಬರು. ಈಗ ಮದುವೆ ಛತ್ರ ಇರುವ ಕಡೆ ಅವರ ಮನೆಯ ರಾಗಿ ಹೊಲ ಇತ್ತಂತೆ. ಸೀಟು ಎಟುಕದ ವಯಸ್ಸಿನಲ್ಲಿ, ಬಾರಿನ ಕೆಳಗೆ ಕಾಲು ತೂರಿಸಿಕೊಂಡು, ಆ ಹೊಲದ ಬದುವಿನ ಮೇಲೆ ಅಪ್ಪನ ಸೈಕಲ್ ತುಳಿದು ಕಲಿತವರು. ಮುಂದೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆದರು. ಎರಡು ದಿನ ರಜೆ ಸಿಕ್ಕರೆ ಸಾಕು, ಕ್ಯಾರಿಯರ್‌ಗೆ ಜಮಖಾನ ಕಟ್ಟಿಕೊಂಡು ಶಿವಗಂಗೆ, ಸಾವನದುರ್ಗ ಎಂದು ಹೊರಟುಬಿಡುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸಲ್ಯೂಷನ್ ಟ್ಯೂಬು ಇದ್ದೇ ಇರುತ್ತಿತ್ತು. ಮದುವೆಯಾದ ಹೊಸತರಲ್ಲಿ ಗಂಡನ ಅಂಗಿಯ ವಾಸನೆ ಎಂದರೆ ಪಂಕ್ಚರ್ ಅಂಗಡಿಯ ವಾಸನೆ ಎಂದೇ ಅಕ್ಕ ತಿಳಿದಿದ್ದಳು.

ನಿವೃತ್ತರಾದ ಮೇಲೆ ಮೊದಲು ಅವರ ಬಲಗೈ ನಡುಗತೊಡಗಿತು. ಆಮೇಲೆ ನಡಿಗೆ ಕೆಟ್ಟಿತು. ಡಾಕ್ಟರು ಪಾರ್ಕಿನ್ಸನ್ ಎಂದರು. ಆ ಕಾಯಿಲೆಯನ್ನು ಹತ್ತಿರದಿಂದ ನೋಡದವರಿಗೆ ಹೇಗೆ ಹೇಳಲಿ? ಚೆನ್ನಾಗಿಯೇ ನಡೆದು ಬರುತ್ತಿದ್ದವರು ಬಾಗಿಲ ಹೊಸ್ತಿಲು ಕಂಡ ಕೂಡಲೇ ನಿಂತುಬಿಡುತ್ತಿದ್ದರು. ಪಾದಗಳನ್ನು ಯಾರೋ ನೆಲಕ್ಕೆ ಅಂಟಿಸಿದ ಹಾಗೆ. ದೇಹ ಮುಂದಕ್ಕೆ ಬಾಗುತ್ತಿತ್ತು, ಕಾಲು ಮಾತ್ರ ಬರುತ್ತಿರಲಿಲ್ಲ. ಗೆರೆ ಕಂಡರೆ ದಾಟಬಹುದೆಂದು ಯಾರೋ ಹೇಳಿದ್ದಕ್ಕೆ ಅಕ್ಕ ನಡುಮನೆಯ ಉದ್ದಕ್ಕೂ ಹೆಜ್ಜೆಗೊಂದರಂತೆ ಕೆಂಪು ಟೇಪು ಅಡ್ಡಡ್ಡ ಅಂಟಿಸಿದಳು. ಮುಖದಲ್ಲಿ ನಗು, ಸಿಟ್ಟು ಎರಡೂ ಕಾಣದಾದವು. ಧ್ವನಿ ಎಷ್ಟು ಸಣ್ಣದಾಯಿತೆಂದರೆ ಪಕ್ಕದಲ್ಲಿ ಕೂತರೂ ಕಿವಿ ಹತ್ತಿರ ಒಯ್ಯಬೇಕಿತ್ತು.

ಒಂದು ದಿನ ಹಾಲು ತರಲು ಹೋದವರು ಮಹಾಲಕ್ಷ್ಮಿ ಲೇಔಟ್‌ನಲ್ಲಿ ರಸ್ತೆಯ ನಟ್ಟನಡುವೆ ಹಾಗೆ ಸಿಕ್ಕಿಕೊಂಡರು. ಎರಡೂ ಕಡೆ ಗಾಡಿಗಳು ಹಾರ್ನ್ ಹೊಡೆದವು. ಕಾರಿನಲ್ಲಿದ್ದ ಒಬ್ಬ ಬೆಳಗ್ಗೇನೇ ಕುಡಿದಿದ್ದೀರಾ ಎಂದು ಕೇಳಿದನಂತೆ. ಕೊನೆಗೆ ಊಟ ತಲುಪಿಸುವ ಹುಡುಗನೊಬ್ಬ ಬೈಕ್ ಅಡ್ಡ ನಿಲ್ಲಿಸಿ ಕೈಹಿಡಿದು ದಾಟಿಸಿದ. ಅಂದಿನಿಂದ ಭಾವ ತಾವಾಗಿ ಮನೆಯಿಂದ ಹೊರಗೆ ಕಾಲಿಡಲಿಲ್ಲ.

ಅವರಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಹುಬ್ಬಳ್ಳಿಯವಳು. ಒಂದು ದಿನ ಹಟ ಮಾಡಿ ತನ್ನ ಚಿಕಿತ್ಸಾ ಕೇಂದ್ರಕ್ಕೆ ಕರೆಸಿಕೊಂಡು, ಅಲ್ಲಿದ್ದ ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಅವರನ್ನು ಕೂರಿಸಿದಳು. ಹತ್ತು ಹೆಜ್ಜೆ ನಡೆಯಲಾರದ ಮನುಷ್ಯ ನಿಲ್ಲದೆ ತುಳಿದರು. ನಾನೂ ಅಕ್ಕನೂ ಬಾಯಿ ಬಿಟ್ಟುಕೊಂಡು ನೋಡಿದೆವು.

"ಈ ಬ್ಯಾನಿ ಇದ್ದೋರಿಗೆ ಕೆಲವರಿಗೆ ಹಂಗ ಇರತೈತ್ರಿ," ಎಂದಳು ಅವಳು. "ನಡ್ಯಾಕ ಬರಂಗಿಲ್ಲ, ಸೈಕಲ್ ಬರತೈತಿ. ಹೊರಗೂ ಹೊಡೀಬಹುದು. ಆದ್ರ ಗಾಡಿ ಇರಬಾರ್ದು. ಒಮ್ಮೆಲೆ ನಿಲ್ಲಿಸಿ ಇಳಿ ಅಂದ್ರ ಅವರಿಗೆ ಆಗೂದಿಲ್ಲ."

ಗಾಡಿ ಇಲ್ಲದ ರಸ್ತೆ. ನಮ್ಮ ಕಡೆ ಅದನ್ನು ಹುಡುಕಲು ಹೊರಟ ನನ್ನ ಬುದ್ಧಿಗೆ ನೀವು ನಗಬಹುದು. ಬಸವೇಶ್ವರನಗರದ ಅಡ್ಡರಸ್ತೆಗಳನ್ನು ಬೆಳಗಿನ ಜಾವ ನೋಡಿದೆ, ಅಷ್ಟು ಹೊತ್ತಿಗೇ ನೀರಿನ ಟ್ಯಾಂಕರುಗಳು ಓಡುತ್ತಿದ್ದವು. ಕೆಂಗೇರಿಯ ಆಚೆ ಹೊಸ ಬಡಾವಣೆಗೆ ಹೋದೆ, ಅಲ್ಲಿ ಜಲ್ಲಿ ಲಾರಿಗಳು. ಕೊನೆಗೆ ಆಟದ ಮೈದಾನವೊಂದರಲ್ಲಿ ಅವರನ್ನು ಸುತ್ತು ಹೊಡೆಸಿದೆವು. ಭಾವ ಎರಡು ದಿನ ಸುಮ್ಮನೆ ಸುತ್ತಿದರು. ಮೂರನೆಯ ದಿನ, "ಇದು ಗಾಣ ಕಣಯ್ಯ, ಎಲ್ಲಿಗಾದ್ರೂ ಹೋಗೋ ರಸ್ತೆ ಬೇಕು," ಎಂದರು.

ಅಂಥ ರಸ್ತೆ ಇದೆಯೆಂದು ತಿಳಿಸಿದ್ದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ. ದೂರದ ಒಂದು ಬೆಟ್ಟಸಾಲಿನ ರಕ್ಷಿತಾರಣ್ಯದೊಳಗೆ ಹಳೆಯ ಘಾಟಿ ರಸ್ತೆ. ಮಣ್ಣು ಕುಸಿದ ಮೇಲೆ ಗಾಡಿಗಳಿಗೆ ಅದನ್ನು ಮುಚ್ಚಿ, ನಡೆಯುವವರಿಗೂ ಸೈಕಲ್‌ನವರಿಗೂ ಮಾತ್ರ ಅನುಮತಿ ಕೊಡುತ್ತಿದ್ದರು. ಮೇಲೆ ಉಳಿದುಕೊಳ್ಳಲು ಅರಣ್ಯ ಇಲಾಖೆಯ ಬಂಗಲೆ ಇತ್ತು. ಹೊರಡುವ ಮೊದಲು ನನಗೊಂದು ಗೇರ್ ಸೈಕಲ್, ಭಾವನಿಗೆ ಒಂದು ಲೇಡೀಸ್ ಸೈಕಲ್ ತಂದೆ. ಅವರ ಕಾಲು ಬಾರಿನ ಮೇಲಕ್ಕೆ ಏಳುತ್ತಿರಲಿಲ್ಲ. ಅದನ್ನು ನೋಡಿ ಅವರು ಹ್ಯಾಂಡಲ್ ಮೇಲೆ ಬಹಳ ಹೊತ್ತು ಕೈಯಿಟ್ಟುಕೊಂಡಿದ್ದರು.

ಬಾಡಿಗೆ ಕಾರಿನ ಮೇಲೆ ಸೈಕಲ್ ಎರಡನ್ನೂ ಕಟ್ಟಿಕೊಂಡು ಬೆಟ್ಟದ ಬುಡದ ಗೇಟಿನ ತನಕ ಮೂವರೂ ಹೋದೆವು. ಅಕ್ಕ ಅಲ್ಲೇ ಊರೊಳಗೆ ಒಂದು ರೂಮು ಹಿಡಿದು ಉಳಿಯುವುದೆಂದು ನಿಶ್ಚಯವಾಗಿತ್ತು. ಗೇಟಿನ ಕಂಬಿ ಕಂಡ ಕೂಡಲೇ ಭಾವನ ಕಾಲು ಎಂದಿನಂತೆ ಅಂಟಿಕೊಂಡಿತು. ನಾವಿಬ್ಬರೂ ಅವರನ್ನು ಹೆಚ್ಚುಕಡಿಮೆ ಎತ್ತಿ ಸೀಟಿನ ಮೇಲೆ ಕೂರಿಸಿದೆವು. ಅಕ್ಕ ಹಿಂದಿನಿಂದ ತಳ್ಳಿಕೊಂಡು ನಾಲ್ಕು ಮಾರು ಓಡಿ ಕೈಬಿಟ್ಟಳು. ಸೈಕಲ್ ಹೊರಟಿತು.

ಹೊರಟಿತು ಎಂದರೆ, ನಾನು ಹಿಡಿಯಲಾಗದಷ್ಟು ಹೊರಟಿತು. ನನಗೆ ಸೈಕಲ್ ಅಷ್ಟಕ್ಕಷ್ಟೆ. ಏರಿನಲ್ಲಿ ಇಳಿದು ತಳ್ಳುವವನು, ಇಳಿಜಾರಿನಲ್ಲಿ ದೇವರನ್ನು ನೆನೆಯುವವನು. ಭಾವ ಒಂದೇ ಲಯದಲ್ಲಿ ತುಳಿಯುತ್ತ ತಿರುವು ತಿರುವಿನಲ್ಲೂ ನನಗಾಗಿ ನಿಧಾನ ಮಾಡುತ್ತಿದ್ದರು. ಡಾಂಬರಿನ ಬಿರುಕುಗಳಲ್ಲಿ ಹುಲ್ಲು ಬೆಳೆದಿತ್ತು. ಬಿದಿರು ಮುಗಿದು, ದೊಡ್ಡ ಮರಗಳು ಮುಗಿದು, ಬೋಳು ಹುಲ್ಲುಗುಡ್ಡಗಳು ಕಾಣಿಸಿಕೊಂಡವು. ಒಂದು ಹಾರ್ನ್ ಇಲ್ಲ. ಚೈನಿನ ಸದ್ದು, ನನ್ನ ಏದುಸಿರು, ಎಲ್ಲೋ ಒಂದು ಹಕ್ಕಿಯ ಸಿಳ್ಳೆ. "ಗೇರ್ ಬದಲಾಯಿಸೋ," ಎಂದು ಭಾವ ಮುಂದಿನಿಂದ ಕೂಗಿದರು. ಅದು ಅವರ ಹಳೆಯ ಧ್ವನಿ. ವರ್ಷಗಳ ನಂತರ ನಾನದನ್ನು ಕೇಳಿದ್ದು ಅಲ್ಲಿಯೇ.

ಬಂಗಲೆ ತಲುಪಿ ಇಳಿಸಿದ ಕೂಡಲೇ ಅವರು ಮತ್ತೆ ಕಾಯಿಲೆಯವರಾದರು. ಅದೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಅಷ್ಟು ದೂರ ಏರಿಬಂದ ಮನುಷ್ಯನನ್ನು ಸೈಕಲ್ಲಿನಿಂದ ಜಗಲಿಗೆ, ಜಗಲಿಯಿಂದ ಬಚ್ಚಲಿಗೆ ಅಂಗುಲ ಅಂಗುಲವಾಗಿ ನಡೆಸಬೇಕಾಯಿತು. ಅಂಗಿಯ ಗುಂಡಿ ಬಿಚ್ಚಿದೆ, ಅನ್ನ ಕಲಸಿ ಬಾಯಿಗಿಟ್ಟೆ. "ನಿಮ್ಮಕ್ಕ ದಿನಾ ಇದೇ ಮಾಡ್ತಾಳೆ," ಎಂದರು. ಆಮೇಲೆ ಕತ್ತಲಾಗುವ ತನಕ ಕಣಿವೆಯನ್ನೇ ನೋಡುತ್ತ ಕೂತರು. ಆ ಮುಖದಿಂದ ಏನನ್ನೂ ತಿಳಿಯುವ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಅದೇ ರಸ್ತೆಯಲ್ಲಿ ಇಳಿಯಬೇಕಿತ್ತು. ಪ್ರತಿ ತಿರುವಿನಲ್ಲೂ ತಡೆಗೋಡೆಗೆ ಒರಗಿ ನಿಲ್ಲಬೇಕು, ನಾನು ಬಂದು ಹಿಡಿದ ಮೇಲೆಯೇ ಮುಂದಕ್ಕೆ ಎಂದು ಮಾತಾಗಿತ್ತು. ಮೊದಲ ಎರಡು ತಿರುವಿನಲ್ಲಿ ನಿಂತರು. ಮೂರನೆಯದರಲ್ಲಿ ನಿಲ್ಲಲಿಲ್ಲ. ನಾನು "ಭಾವ, ಬ್ರೇಕ್ ಹಾಕಿ" ಎಂದು ಕೂಗಿದೆ. ಅವರ ಬಿಳಿ ಅಂಗಿ ಗಾಳಿ ತುಂಬಿಕೊಂಡು ಮಂಜಿನೊಳಗೆ ಹೋಯಿತು. ಎಡಕ್ಕೆ ಪ್ರಪಾತ, ಅಲ್ಲಲ್ಲಿ ತಡೆಗೋಡೆ ಬಿದ್ದುಹೋಗಿತ್ತು. ನಾನು ಕೂಗುತ್ತ, ಎರಡೂ ಬ್ರೇಕು ಹಿಚುಕುತ್ತ, ಅವರ ಹಿಂದೆಯೇ ಹೋದೆ. ಗೇಟಿನಲ್ಲಿ ಅಕ್ಕನಿಗೆ ಏನು ಹೇಳುವುದೆಂದು ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ನಂಬಿ, ಜೋಡಿಸಿಕೊಳ್ಳುತ್ತಿದ್ದೆ.

ಗೋಡೆ ಕುಸಿದಿದ್ದ ಒಂದು ತಿರುವಿನಲ್ಲಿ, ಉಳಿದ ತುಂಡಿಗೆ ಸೈಕಲ್ ಒರಗಿಸಿ ಭಾವ ಸೀಟಿನ ಮೇಲೆಯೇ ಕೂತಿದ್ದರು. ಇಳಿಯಲಾಗದೆ ನನಗಾಗಿ ಕಾಯುತ್ತಿದ್ದರು. ಎರಡೂ ಕೈ ಬ್ರೇಕಿನ ಮೇಲೆ ಬಿಗಿಯಾಗಿದ್ದವು. ಒಂದೊಂದೇ ಬೆರಳನ್ನು ನಾನೇ ಬಿಡಿಸಿದೆ.

"ಬ್ರೇಕ್ ಹಿಡೀಲಿಲ್ವಾ ಭಾವ?"

"ಹಿಡೀತು ಕಣಯ್ಯ. ನನಗೇ ಹಾಕೋದು ಬೇಡ ಅನ್ನಿಸ್ತು."

ನಾನು ಅವರ ರಟ್ಟೆ ಹಿಡಿದುಕೊಂಡೇ ನಿಂತೆ. ಅವರೇ ಮುಂದುವರಿಸಿದರು: "ಕೆಳಗಡೆ ಗೇಟಲ್ಲಿ ನಿಮ್ಮಕ್ಕ ಕಾಯ್ತಾ ಇರ್ತಾಳೆ ಅಂತ ನೆನಪಾಯ್ತು. ಹಾಕಿದೆ."

ಮಳೆಗಾಲ ಕಳೆದ ಮೇಲೆ ಮತ್ತೆ ಹೋಗೋಣ ಎಂದುಕೊಂಡಿದ್ದೆವು. ಅಷ್ಟರಲ್ಲಿ ಅವರಿಗೆ ಸೈಕಲ್ ಮೇಲೂ ತೂಕ ನಿಲ್ಲದಾಯಿತು. ಆಮೇಲೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು, ಹಾಸಿಗೆ ಹಿಡಿದರು, ಮಾತು ಪೂರ್ತಿ ನಿಂತಿತು. ಕೊನೆಯ ತಿಂಗಳುಗಳಲ್ಲಿ ಅವರನ್ನು ನೋಡಲು ಹೋದಾಗಲೆಲ್ಲ ನನಗೆ ಆ ತಿರುವಿನ ನೆನಪು ಬರುತ್ತಿತ್ತು. ಅದನ್ನು ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ.

ಪಂಕ್ಚರ್ ಹಾಕಿಸಿಕೊಂಡ ನಾನು ಮೊನ್ನೆ ಮನೆಗೆ ಹೋಗದೆ ಅಕ್ಕನ ಮನೆಗೆ ಹೋದೆ. ಅವಳು ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಬಿಡಿಸುತ್ತ, ತಲೆ ಎತ್ತದೆ, ಎಲ್ಲವನ್ನೂ ಹೇಳಿದೆ.

"ಗೊತ್ತು," ಎಂದಳು ಅಕ್ಕ. "ವಾಪಸ್ ಬರ್ತಾ ಕಾರಲ್ಲೇ ಹೇಳಿದ್ರು. ನೀನು ಮುಂದಿನ ಸೀಟಲ್ಲಿ ನಿದ್ದೆ ಹೊಡೀತಿದ್ದೆ."

"ನಿನಗೋಸ್ಕರ ನಿಲ್ಲಿಸಿದ್ರಂತೆ."

"ನನ್ನ ಹತ್ರ ಹಾಗೆ ಹೇಳ್ಲಿಲ್ಲ. ನೀನು ಹಿಂದೆ ಕಿರುಚ್ಕೊಂಡು ಬರ್ತಾ ಇದ್ಯಂತೆ. ಇವನಿಗೆ ಇಳಿಜಾರಲ್ಲಿ ಓಡಿಸೋಕೆ ಬರಲ್ಲ, ನನ್ನ ನೋಡಿ ಇವನೂ ಬೀಳ್ತಾನೆ, ಅದಕ್ಕೆ ನಿಲ್ಲಿಸಿದೆ ಅಂದ್ರು."

ನನಗೆ ಕಾಳು ಬಿಡಿಸಲು ಆಗಲಿಲ್ಲ. ಅಕ್ಕ ನನ್ನ ಮುಂದಿದ್ದ ಕಾಯಿಗಳನ್ನೂ ತನ್ನ ಕಡೆ ಎಳೆದುಕೊಂಡಳು.

"ಅವತ್ತು ಆ ಗೇಟ್ ಹತ್ರ ಕೂತಿದ್ದೆನಲ್ಲ," ಎಂದಳು, "ನೀವು ಬರೋದು ತಡ ಆಯ್ತು. ಅವರು ಬರದೇ ಇದ್ರೆ ಬರದೇ ಇರಲಿ, ಮೇಲೇ ಎಲ್ಲಾದ್ರೂ ಸೈಕಲ್ ಹೊಡ್ಕೊಂಡು ಇದ್ದುಬಿಡಲಿ ಅನ್ನಿಸ್ತು ನನಗೆ. ಅಷ್ಟರಲ್ಲಿ ನೀವಿಬ್ರೂ ಬಂದ್ರಿ."

ಹೊರಗೆ ರಸ್ತೆಯಲ್ಲಿ ಯಾರೋ ಗೇಟು ತೆಗೆಯಲೆಂದು ಹಾರ್ನ್ ಹೊಡೆಯುತ್ತಲೇ ಇದ್ದರು. ಅದು ನಿಲ್ಲುವ ತನಕ ಅಕ್ಕ ನನ್ನ ಪಾಲಿನ ಕಾಯಿಗಳನ್ನೂ ಬಿಡಿಸಿದಳು. ಆಮೇಲೆ ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು, ಊಟ ಮಾಡಿಕೊಂಡು ಹೋಗು ಎಂದು ಒಳಗೆ ಹೋದಳು.