ಹಗಲು ಹೊತ್ತಿನಲ್ಲಿ ಹೇಳಿದ ಕತೆ

ಹಗಲು ಹೊತ್ತಿನಲ್ಲಿ ಕತೆ ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆ ಎಂಬುದು ನಮ್ಮ ಮನೆಯ ನಂಬಿಕೆ. ದೀಪ ಹಚ್ಚುವ ತನಕ ನನ್ನ ತಾಯಿ ಕತೆಯ ಸುದ್ದಿಯನ್ನೇ ಎತ್ತಗೊಡುತ್ತಿರಲಿಲ್ಲ. ಹಚ್ಚಿದ ಮೇಲೂ ಒಂದು ಕರಾರಿತ್ತು. ಕೇಳುವವರು ಹೂಂಗುಟ್ಟುತ್ತಲೇ ಇರಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು.

ಮುಂದೆ ನಾನು ಗಡಿಯಾಚೆಯ ತೆಲುಗು ಸೀಮೆಯಲ್ಲಿ, ನಾರಾಯಣಪೇಟೆ ಕಡೆಯ ಕನ್ನಡ ಶಾಲೆಯಲ್ಲಿ ಮೇಷ್ಟ್ರಾದೆ. ಬೋರ್ಡಿನ ಮೇಲೆ ದೊಡ್ಡದೊಂದು ಸುತ್ತು ಬರೆದು ಮಕ್ಕಳಿಗೆ ಹೇಳುತ್ತಿದ್ದೆ: ಯಾವ ಕತೆ ಬೇಕಾದರೂ ತಗೊಳ್ಳಿ, ಒಬ್ಬನಿಗೆ ಮನೆ ಬಿಡುವ ಕರೆ ಬರುತ್ತದೆ, ಮೊದಲು ಒಲ್ಲೆ ಅನ್ನುತ್ತಾನೆ, ಆಮೇಲೆ ಬುತ್ತಿ ಕಟ್ಟಿಕೊಂಡು ಹೊಳೆ ದಾಟುತ್ತಾನೆ, ಆಚೆ ದಡದಲ್ಲಿ ಪಡಬಾರದ ಪಾಡು ಪಡುತ್ತಾನೆ, ಯಾರೋ ಕೈಹಿಡಿಯುತ್ತಾರೆ, ಕಡೆಗೆ ಬೇರೆಯೇ ಮನುಷ್ಯನಾಗಿ ಅದೇ ಮನೆಗೆ ಮರಳುತ್ತಾನೆ. ಮನುಷ್ಯ ಬೆಳೆಯುವುದೂ ಹೀಗೇ ಎಂದು ಭಾಷಣ ಬಿಗಿಯುತ್ತಿದ್ದೆ. ಮನೆಗೆ ಬಂದ ಹುಡುಗರಿಗೂ ಅದನ್ನೇ ಕೊರೆದು ಕೊರೆದು, ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿಗೆ ಅದು ಬಾಯಿಪಾಠವಾಗಿಬಿಟ್ಟಿತ್ತು.

ನಿವೃತ್ತಿಯಾದ ಮೇಲೆ ನಾವು ಮಕ್ತಲ್‌ನಲ್ಲಿದ್ದೇವೆ. ಕಳೆದ ಬೇಸಿಗೆಯಲ್ಲಿ ಕಂಡಕ್ಟರನೊಂದಿಗೆ ಜಗಳಾಡುತ್ತಾ ಬಸ್ಸಿಳಿದೆ. ಮೆಟ್ಟಿಲು ನೋಡಲಿಲ್ಲ. ಬಲಗಾಲಿಗೆ ಪ್ಲಾಸ್ಟರ್ ಬಿತ್ತು. ಅದೇ ವಾರ ಗದ್ವಾಲದಲ್ಲಿರುವ ಹೆಂಡತಿಯ ಅಕ್ಕನಿಗೆ ಕಣ್ಣಿನ ಆಪರೇಷನ್ ಆಯಿತು. ಹೋಗಿ ಮಾತಾಡಿಸಿ ಬರಬೇಕು ಎಂದಳು. ಪ್ಲಾಸ್ಟರ್ ಬಿಚ್ಚಲಿ, ಇಬ್ಬರೂ ಹೋಗೋಣ ಎಂದೆ. ಮದುವೆಯಾದಂದಿನಿಂದ ಅವಳು ಒಬ್ಬಳೇ ಬಸ್ಸು ಹತ್ತಿದವಳಲ್ಲ. ಬೋರ್ಡು ಓದುವುದು, ಸೀಟು ಹಿಡಿಯುವುದು, ಇಳಿಯುವ ಊರು ಬಂತೆಂದು ಹೇಳುವುದು ಎಲ್ಲವೂ ನನ್ನದೇ ಖಾತೆ. ಆತ್ಮಕೂರಿನಲ್ಲಿ ಬಸ್ಸು ಬದಲಾಯಿಸಬೇಕು, ಹೊಳೆ ದಾಟಬೇಕು, ಬಿಸಿಲು ಬೇರೆ ಜೋರು ಎಂದು ಹೆದರಿಸಿ ನೋಡಿದೆ.

"ಹೆಂಗಸರಿಗೆ ಬಸ್ಸು ಫ್ರೀ ಐತಿ, ಬಾಯಾಗ ತೆಲುಗು ಐತಿ. ಸಂಜಿಕ್ಕ ಬರ್ತೀನಿ. ನೀವು ಮನ್ಯಾಗ ಕೂಡ್ರಿ" ಎಂದಳು.

ಮರುದಿನ ಬೆಳಿಗ್ಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಆಧಾರ್ ಕಾರ್ಡನ್ನು ಸಣ್ಣ ಪರ್ಸಿನಲ್ಲಿಟ್ಟುಕೊಂಡು ಹೊರಟೇಬಿಟ್ಟಳು. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ರಜೆಗೆ ಬಂದಿದ್ದ ಮೊಮ್ಮಗಳು ಮಧ್ಯಾಹ್ನ ಕತೆಗೆ ಗಂಟುಬಿದ್ದಳು. ಹಗಲಲ್ಲಿ ಹೇಳಬಾರದು, ಅಜ್ಜಿ ದಾರಿ ತಪ್ಪುತ್ತಾಳೆ ಎಂದೆ.

"ದಾರಿ ಡ್ರೈವರ್‌ಗೆ ಗೊತ್ತಿರತೈತಿ ತಾತ. ಅಜ್ಜಿ ಸುಮ್ನ ಕುಂತಿರ್ತಾಳ" ಎಂದಳು.

ನಕ್ಕು ಶುರುಮಾಡಿದೆ. ಒಂದೂರಲ್ಲಿ ಒಬ್ಬ ಹೆಂಗಸು ಬುತ್ತಿ ಕಟ್ಟಿಕೊಂಡು ಹೊರಟಳು. ಮೊಮ್ಮಗಳು ಹೂಂ ಎಂದಳು. ಹೊಳೆಯ ತನಕ ಕತೆ ಸಲೀಸಾಗಿ ಹೋಯಿತು. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ರಾಜಕುಮಾರನಾಗಿದ್ದರೆ ಕುದುರೆಯನ್ನೋ ಕತ್ತಿಯನ್ನೋ ಕೊಡುತ್ತಿದ್ದೆ. ಈ ಹೆಂಗಸು ಒಬ್ಬಳೇ ಹೊಳೆಯ ಮುಂದೆ ನಿಂತರೆ ಏನು ಮಾಡುತ್ತಾಳೆ ಎಂಬುದು ನನಗೆ ನಿಜಕ್ಕೂ ತಿಳಿಯಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದವಳ ವಿಷಯದಲ್ಲಿ ಊಹಿಸಲೂ ಬರಲಿಲ್ಲವಲ್ಲ ಎಂದು ಕಸಿವಿಸಿಯಾಯಿತು. ಉಳಿದದ್ದು ಆಮೇಲೆ ಎಂದು ಮೊಮ್ಮಗಳನ್ನು ಸಾಗಹಾಕಿದೆ.

ನಾಲ್ಕು ಗಂಟೆಗೆ ಗದ್ವಾಲಕ್ಕೆ ಫೋನು ಮಾಡಿದೆ. ಉಂಡು ಹೊರಟು ಬಹಳ ಹೊತ್ತಾಯಿತು, ನಾರಾಯಣಪೇಟೆಯ ನೇರ ಬಸ್ಸೇ ಸಿಕ್ಕಿತು, ಅದು ಮಕ್ತಲ್ ಮೇಲೆಯೇ ಬರುತ್ತದೆ ಎಂದರು. ಅವಳ ಫೋನು ಸ್ವಿಚಾಫ್. ಚಾರ್ಜು ಉಳಿಸಲು ಅವಳು ಯಾವಾಗಲೂ ಹಾಗೆ ಮಾಡುವವಳೇ. ಐದಾಯಿತು, ಆರೂ ಆಯಿತು. ಬಸ್ ಸ್ಟ್ಯಾಂಡಿನಿಂದ ಬಂದ ಪಕ್ಕದ ಮನೆಯವರನ್ನು ಕೇಳಿದರೆ, ಗದ್ವಾಲದ ಆ ಬಸ್ಸು ಹೋಗಿ ಎಷ್ಟೋ ಹೊತ್ತಾಯಿತು ಎಂದರು. ನಂಬಿಕೆ ಗಿಂಬಿಕೆ ಏನೂ ಇಲ್ಲ ಎಂದು ಮಕ್ಕಳಿಗೆ ಪಾಠ ಮಾಡಿದ ಮೇಷ್ಟ್ರಾದ ನಾನು, ಹಗಲಲ್ಲಿ ಯಾಕಾದರೂ ಬಾಯಿ ಬಿಟ್ಟೆನೋ ಎಂದು ನನಗೆ ನಾನೇ ಬೈದುಕೊಂಡೆ. ಬೋರ್ಡಿನ ಸುತ್ತಿನಲ್ಲಿ ಮನೆ ಬಿಟ್ಟವನ ಹೆಜ್ಜೆಗಳಿಗೆಲ್ಲ ಜಾಗ ಕೊಟ್ಟಿದ್ದೆ. ಮನೆಯಲ್ಲಿ ಕಾಯುವವರು ಏನಾಗುತ್ತಾರೆ ಎಂಬುದಕ್ಕೆ ಒಂದು ಚುಕ್ಕೆಯನ್ನೂ ಇಟ್ಟಿರಲಿಲ್ಲ. ಪ್ಲಾಸ್ಟರ್ ಕಾಲನ್ನು ಎಳೆದುಕೊಂಡು ಗೇಟಿನ ತನಕ ಹೋಗಿ ನಿಂತೆ.

ದೀಪ ಹಚ್ಚುವ ಹೊತ್ತಿಗೆ ಬಂದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣವಿತ್ತು. ದಾರಿ ತಪ್ಪಿತೇ ಎಂದು ನಾನು ರೇಗಿಯೇ ಕೇಳಿದೆ. ಅವಳು ಚಪ್ಪಲಿ ಬಿಟ್ಟು, ತಂಬಿಗೆ ನೀರು ಕುಡಿದು, ನಿಧಾನವಾಗಿ ಹೇಳಿದಳು:

"ತಪ್ಪಿಲ್ಲರಿ. ಮಕ್ತಲ್ ಬಂತು. ನನಗ ಇಳಿಯಾಕ ಮನಸಾಗಲಿಲ್ಲ."

ಕಿಟಕಿಯ ಪಕ್ಕದ ಸೀಟಂತೆ. ಗಾಳಿ ಚೆನ್ನಾಗಿತ್ತಂತೆ. ನಾರಾಯಣಪೇಟೆಯ ತನಕ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತು ಚಹಾ ಕುಡಿದು, ಭಜಿ ಕಟ್ಟಿಸಿಕೊಂಡು, ಇನ್ನೊಂದು ಬಸ್ಸು ಹಿಡಿದು ವಾಪಸು ಬಂದಿದ್ದಳು. ನನ್ನ ಸಿಟ್ಟು ಇಳಿದೇ ಹೋಯಿತು. ಅವಳು ಅಷ್ಟು ಖುಷಿಯಾಗಿದ್ದುದನ್ನು ನೋಡಿ ನನಗೂ ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮೊಮ್ಮಗಳು ಭಜಿ ತಿನ್ನುತ್ತಾ, ತಾತ ಒಬ್ಬ ಹೆಂಗಸನ್ನು ಹೊಳೆಯ ಹತ್ತಿರವೇ ನಿಲ್ಲಿಸಿಬಿಟ್ಟಿದ್ದಾನೆ ಎಂದು ಚಾಡಿ ಹೇಳಿದಳು. ದೀಪ ಹಚ್ಚಿ ಆಗಿತ್ತಲ್ಲ, ಹೆಂಡತಿ ಕತೆಯನ್ನು ಅಲ್ಲಿಂದಲೇ ಎತ್ತಿಕೊಂಡಳು. ಹೆಂಗಸು ಹೊಳೆ ದಾಟಿದಳು, ಅಕ್ಕನಿಗೆ ರೊಟ್ಟಿ ಚೂರು ಮಾಡಿ ಉಣಿಸಿದಳು, ಮತ್ತೆ ಹೊಳೆ ದಾಟಿದಳು. ಅಷ್ಟರಲ್ಲಿ ಮೊಮ್ಮಗಳಿಗೆ ನಿದ್ದೆ ಬಂದು ಹೂಂ ನಿಂತುಹೋಯಿತು. ಹೆಂಡತಿಯೂ ನಿಲ್ಲಿಸಿ ನನ್ನ ಮುಖ ನೋಡಿದಳು.

"ನೀವು ಅನ್ರಿ" ಎಂದಳು.

ನಾನು ಹೂಂ ಎಂದೆ. ಅವಳು ಮುಂದಿನ ಕತೆ ಹೇಳಿದಳು.